ಕಾದ ತಾರಸಿಯ ಲೆಕ್ಕ

ಕಮರ್ಷಿಯಲ್ ಸ್ಟ್ರೀಟಿಗೆ ಬಟ್ಟೆ ಕೊಳ್ಳಲು ಬಂದವರು ತಲೆ ಎತ್ತಿ ನೋಡುವುದು ಕಡಿಮೆ. ಅಂಗಡಿ ಬೋರ್ಡುಗಳ ಮೇಲೆ ಒಂದೆರಡು ಮಹಡಿಗಳಿವೆ. ಕೆಲವು ಗೋದಾಮು, ಕೆಲವು ಹೊಲಿಗೆಯವರ ಕೋಣೆ, ಇನ್ನು ಕೆಲವು ಮನೆ. ಪಕ್ಕದ ಇಬ್ರಾಹಿಂ ಸಾಹೇಬ್ ಸ್ಟ್ರೀಟಿನಲ್ಲೂ ನಾರಾಯಣ ಪಿಳ್ಳೈ ಸ್ಟ್ರೀಟಿನಲ್ಲೂ ಹೀಗೆಯೇ. ಕೆಳಗೆ ಎಸಿ, ಮೇಲೆ ಫ್ಯಾನು. ಏಪ್ರಿಲ್ ಸಂಜೆ ಬಿಸಿಲು ಇಳಿದ ಮೇಲೂ ಆ ಫ್ಯಾನು ಬಿಸಿಗಾಳಿಯನ್ನೇ ಕೆಳಕ್ಕೆ ತಳ್ಳುತ್ತದೆ. ಈ ಕಾವು ಎಲ್ಲಿಂದ ಬಂತು, ಎಷ್ಟು ಬಂತು, ತಡೆಯಲು ಏನು ಮಾಡಬೇಕು ಎಂದು ಅಳೆದು ಹೇಳುವ ವಿದ್ಯೆಗೆ ಎನರ್ಜಿ ಆಡಿಟ್ ಎನ್ನುತ್ತಾರೆ. ಅದು ಹುಟ್ಟಿದ್ದು ಚಳಿಯ ದೇಶಗಳಲ್ಲಿ. ಅದರ ಉಪಕರಣಗಳು ನಮ್ಮಲ್ಲಿಗೆ ಬಂದಾಗಿದೆ. ಅವನ್ನು ಯಾವ ಕಡೆ ತಿರುಗಿಸಬೇಕೆಂಬ ತಿಳಿವು ಮಾತ್ರ ಇನ್ನೂ ಪೂರ್ತಿ ಬಂದಿಲ್ಲ.

ಕಣ್ಣಿಗೆ ಕಾಣದ ಕಾವಿನ ಕಿರಣವನ್ನು ವಿಲಿಯಂ ಹರ್ಷಲ್ ಪತ್ತೆ ಹಚ್ಚಿದ್ದು 1800ರಲ್ಲಿ. ಪಟ್ಟಕ ಚೆಲ್ಲಿದ ಬಣ್ಣಗಳ ಸಾಲಿನಲ್ಲಿ ಕೆಂಪಿನಾಚೆ, ಏನೂ ಕಾಣದ ಜಾಗದಲ್ಲಿ ಇಟ್ಟ ಥರ್ಮಾಮೀಟರು ಏರಿತ್ತು. ಆ ಕಿರಣವನ್ನು ಚಿತ್ರವಾಗಿ ತೋರಿಸುವ ಕ್ಯಾಮೆರಾವನ್ನು ಸ್ವೀಡನ್ನಿನ ಆಗಾ ಕಂಪನಿ 1965ರಲ್ಲಿ ಮಾರುಕಟ್ಟೆಗೆ ತಂದಿತು, ಅದೂ ವಿದ್ಯುತ್ ತಂತಿಗಳ ತಪಾಸಣೆಗೆಂದು. ಅಂಥ ಉಪಕರಣಗಳನ್ನು ಮನೆಯೊಳಕ್ಕೆ ಕರೆದದ್ದು 1973ರ ತೈಲ ಬಿಕ್ಕಟ್ಟು. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದವರು ನ್ಯೂಜೆರ್ಸಿಯ ಟ್ವಿನ್ ರಿವರ್ಸ್ ಬಡಾವಣೆಯ ಸಾಲುಮನೆಗಳನ್ನು ವರ್ಷಗಟ್ಟಲೆ ಅಳೆದರು. ಅಟ್ಟದ ಮೂಲಕ ಹೊರಹೋಗುವ ಕಾವು, ಕಾಗದದ ಲೆಕ್ಕ ಹೇಳಿದ್ದಕ್ಕಿಂತ ಹಲವು ಪಟ್ಟು ಹೆಚ್ಚಿತ್ತು. ಗೋಡೆಯೊಳಗಿನ ಪೊಳ್ಳುಗಳಲ್ಲಿ ಬೆಚ್ಚನೆಯ ಗಾಳಿ ಮೇಲೇರಿ ಅಟ್ಟ ಸೇರುತ್ತಿತ್ತು. ಇದನ್ನು ಬಯಲಿಗೆ ತಂದವರಲ್ಲಿ ಆ ತಂಡದ ಗೌತಮ್ ದತ್ ಒಬ್ಬರು. ಬಾಗಿಲಿಗೆ ದೊಡ್ಡ ಫ್ಯಾನು ಬಿಗಿದು ಸಂದುಗಳನ್ನು ಹುಡುಕುವ, ಥರ್ಮಲ್ ಕ್ಯಾಮೆರಾ ಹಿಡಿದು ಮನೆಮನೆಗೆ ಹೋಗುವ 'ಹೌಸ್ ಡಾಕ್ಟರ್' ಪದ್ಧತಿ ಅಲ್ಲಿ ಬೆಳೆಯಿತು. ಕಟ್ಟಡದ ಇಡೀ ವರ್ಷದ ಕಾವನ್ನು ಗಂಟೆಗಂಟೆಗೂ ಲೆಕ್ಕ ಹಾಕುವ ಎನರ್ಜಿಪ್ಲಸ್ ಎಂಬ ಉಚಿತ ತಂತ್ರಾಂಶ 2001ರಲ್ಲಿ ಹೊರಬಂತು.

ಬೆಂಗಳೂರಿನಲ್ಲಿ ಈ ಚಿಂತನೆ ಗೋಡೆಯಿಂದಲ್ಲ, ಬಲ್ಬು ಮತ್ತು ಬಚ್ಚಲಿನ ನೀರಿನಿಂದ ಶುರುವಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಕಟ್ಟಿದ ಎ.ಕೆ.ಎನ್. ರೆಡ್ಡಿಯವರು, ಪ್ರಿನ್ಸ್‌ಟನ್ನಿನ ರಾಬರ್ಟ್ ವಿಲಿಯಮ್ಸ್, ಬ್ರೆಜಿಲಿನ ಗೋಲ್ಡೆಂಬರ್ಗ್, ಸ್ವೀಡನ್ನಿನ ಯೋಹಾನ್ಸನ್ ಜೊತೆ ಸೇರಿ 1988ರಲ್ಲಿ ಜಗತ್ತಿನ ಇಂಧನದ ಬಗ್ಗೆ ದೊಡ್ಡ ಗ್ರಂಥವನ್ನೇ ಬರೆದರು. 1991ರಲ್ಲಿ ಅವರೂ ಸಹೋದ್ಯೋಗಿಗಳೂ ಕರ್ನಾಟಕಕ್ಕಾಗಿ 'ಡಿಫೆಂಡಸ್' ಎಂಬ ಲೆಕ್ಕ ಮುಂದಿಟ್ಟರು. ಎಷ್ಟು ಕರೆಂಟು ಬೇಕು ಎಂಬ ಪ್ರಶ್ನೆ ಆಮೇಲೆ. ಆ ಕರೆಂಟಿನಿಂದ ಆಗಬೇಕಾದ ಕೆಲಸ ಯಾವುದು, ಅದನ್ನು ಕಡಿಮೆಯಲ್ಲಿ ಮಾಡುವುದು ಹೇಗೆ ಎಂಬುದು ಮೊದಲು. ನನ್ನ ದೃಷ್ಟಿಯಲ್ಲಿ ಅದು ಇಡೀ ರಾಜ್ಯವನ್ನೇ ಒಂದು ಮನೆಯೆಂದು ತಿಳಿದು ಮಾಡಿದ ಆಡಿಟ್. 2004ರ ಬೆಸ್ಕಾಂ ಸಿಎಫ್‌ಎಲ್ ಯೋಜನೆ, ಹೊಸ ಮನೆಗಳಿಗೆ ಕಡ್ಡಾಯವಾದ ಸೋಲಾರ್ ವಾಟರ್ ಹೀಟರ್, 2015ರ ಕೊನೆಯಲ್ಲಿ ಬಂದ 'ಹೊಸ ಬೆಳಕು' ಎಲ್‌ಇಡಿ, ಎಲ್ಲವೂ ಆ ದಾರಿಯಲ್ಲೇ ಇಟ್ಟ ಹೆಜ್ಜೆಗಳು.

ಗೋಡೆಯ ವಿಚಾರ ನಿಧಾನವಾಗಿ ಬಂತು. ಕಮರ್ಷಿಯಲ್ ಸ್ಟ್ರೀಟಿನಿಂದ ಕೆಲವೇ ಕಿಲೋಮೀಟರು ದೂರದ ದೊಮ್ಮಲೂರಿನಲ್ಲಿ ಸಂಜಯ್ ಮೋಹೆ ವಿನ್ಯಾಸ ಮಾಡಿದ ಟೆರಿ ಸಂಸ್ಥೆಯ ಕಟ್ಟಡವಿದೆ. ಅದರ ದಕ್ಷಿಣಕ್ಕೆ ನಾರುವ ಮೋರಿ ಇದ್ದುದರಿಂದ ಆ ಕಡೆ ಗೋಡೆಯನ್ನು ಮುಚ್ಚಿ, ಕಪ್ಪು ಕಡಪ ಕಲ್ಲು ಹೊದಿಸಿದರು. ಬಿಸಿಲಿಗೆ ಕಲ್ಲು ಕಾದು, ಅದರ ಹಿಂದಿನ ಗಾಳಿ ಮೇಲೇರುತ್ತದೆ. ಆ ಸೆಳೆತಕ್ಕೆ ಉತ್ತರದ ತಂಪುಗಾಳಿ ಒಳಗೆ ಬರುತ್ತದೆ. ಆಗಿನ ರಾಮನಗರ ಜಿಲ್ಲೆಯ ಸುಗ್ಗನಹಳ್ಳಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಾಂಟೊ ಮಣಿ ಮತ್ತು ಸಂಗಡಿಗರು ಹಳೆಯ ಮಣ್ಣಿನ ಮನೆಗಳಲ್ಲೂ ಹೊಸ ಮನೆಗಳಲ್ಲೂ ಉಷ್ಣತೆ ದಾಖಲಿಸಿ, ಕಂಪ್ಯೂಟರ್ ಮಾದರಿಯ ಜೊತೆ ಹೋಲಿಸಿದರು. ಮಣ್ಣು ಹೆಂಚು ಬಿಟ್ಟು ಸಿಮೆಂಟಿಗೆ ಹೋದ ಮನೆ ಒಳಗೆ ಹೆಚ್ಚು ಕಾಯುತ್ತದೆ ಎಂದು ಅಜ್ಜಿಯರು ಹೇಳುತ್ತಿದ್ದ ಮಾತಿಗೆ ಅಂಕಿಯ ಆಧಾರ ಸಿಕ್ಕಿತು.

ಕಾನೂನೂ ಬಂತು. 2001ರ ಇಂಧನ ಸಂರಕ್ಷಣಾ ಕಾಯ್ದೆ ಆಡಿಟ್ ಬೇಕೆಂದದ್ದು ದೊಡ್ಡ ಕೈಗಾರಿಕೆಗಳಿಗೆ. 2007ರ ಕಟ್ಟಡ ಸಂಹಿತೆ ವಾಣಿಜ್ಯ ಕಟ್ಟಡಗಳಿಗೆ. ಮನೆಗಳ ಸರದಿ ಬಂದದ್ದು 2018ರ 'ಇಕೋ ನಿವಾಸ್ ಸಂಹಿತೆ'ಯಲ್ಲಿ. ಹೊರಗೋಡೆ ಮತ್ತು ಕಿಟಕಿಗಳ ಮೂಲಕ ಒಳಬರುವ ಕಾವು ಸರಾಸರಿ ಚದರ ಮೀಟರಿಗೆ 15 ವ್ಯಾಟ್ ಮೀರಬಾರದು. ತಾರಸಿಯ ಯು-ಮೌಲ್ಯ, ಅಂದರೆ ಅದು ಎಷ್ಟು ಸುಲಭವಾಗಿ ಕಾವನ್ನು ಒಳಬಿಡುತ್ತದೆ ಎಂಬ ಅಳತೆ, 1.2 ದಾಟಬಾರದು. ಏನೂ ಹೊದಿಸದ ಬರೀ ಆರ್‌ಸಿಸಿ ತಾರಸಿಯದು 3ಕ್ಕೂ ಹೆಚ್ಚು. ಒಳ್ಳೆಯ ನಿಯಮವೇ. ಆದರೆ ಅದು ಹೇಳಿದ್ದು 500 ಚದರ ಮೀಟರಿಗೆ ಕಡಿಮೆಯಿಲ್ಲದ ನಿವೇಶನದಲ್ಲಿ ಕಟ್ಟುವ ಹೊಸ ಮನೆಗಳ ಬಗ್ಗೆ. ನಮ್ಮ 30-40 ಸೈಟು 111 ಚದರ ಮೀಟರು. ಶಿವಾಜಿನಗರದ ಗಲ್ಲಿಯ ಮನೆ ಅದಕ್ಕಿಂತಲೂ ಕಿರಿದು, ಹಳೆಯದು. ಹೆಚ್ಚು ಬೇಯುವ ಮನೆಯೇ ಲೆಕ್ಕದಿಂದ ಹೊರಗೆ ಉಳಿಯಿತು.

ಇಂಥ ಹೊತ್ತಿನಲ್ಲಿ ಉಪಕರಣಗಳು ಕೈಗೆಟುಕುವಷ್ಟು ಸಣ್ಣವಾಗಿರುವುದು ನನಗೆ ಆಸೆ ಹುಟ್ಟಿಸುತ್ತದೆ. ಫೋನಿಗೆ ಸಿಕ್ಕಿಸುವ ಥರ್ಮಲ್ ಕ್ಯಾಮೆರಾ 2014ರಲ್ಲಿ ಬಂತು. 2020ರಿಂದ ಕೆಲವು ಐಫೋನ್, ಐಪ್ಯಾಡುಗಳಲ್ಲೇ ಬೆಳಕಿನಿಂದ ದೂರ ಅಳೆಯುವ ಲೈಡಾರ್ ಇದೆ. ಅದಕ್ಕೆ ಐದು ಮೀಟರಷ್ಟು ದೂರ ಕಾಣುತ್ತದೆ. ಇಕ್ಕಟ್ಟಾದ ಕೋಣೆಗೆ ಅಷ್ಟು ಧಾರಾಳ ಸಾಕು. ಟೇಪು ಹಿಡಿದು ಅರ್ಧ ದಿನ ಅಳೆಯುತ್ತಿದ್ದ ಕೋಣೆಗಳು ಕೆಲವೇ ನಿಮಿಷಗಳಲ್ಲಿ ನಕ್ಷೆಯಾಗಿ, ಲೆಕ್ಕದ ತಂತ್ರಾಂಶಕ್ಕೆ ಹೋಗುತ್ತವೆ. ಆದರೆ ಸ್ಕ್ಯಾನಿಗೆ ಸಿಗುವುದು ಮೇಲ್ಮೈ ಮಾತ್ರ. ಗಾರೆಯ ಹಿಂದೆ ಇಟ್ಟಿಗೆಯೋ ಕಲ್ಲೋ, ತಲೆಯ ಮೇಲಿರುವುದು ಮರದ ತೊಲೆಗಳ ಮೇಲೆ ಇಟ್ಟಿಗೆ ಜೋಡಿಸಿದ ಮದ್ರಾಸ್ ತಾರಸಿಯೋ, ಆಮೇಲೆ ಹಾಕಿದ ಆರ್‌ಸಿಸಿಯೋ ಎಂಬುದನ್ನು ಮನೆಯವರನ್ನೇ ಕೇಳಬೇಕು, ಮೇಸ್ತ್ರಿಯನ್ನು ಕರೆಸಬೇಕು.

ಕ್ಯಾಮೆರಾ ಕೂಡ ಮೋಸ ಮಾಡುತ್ತದೆ. ಹೊಳೆಯುವ ತಗಡು ತನ್ನ ಕಾವನ್ನು ಹೊರಸೂಸುವುದು ಕಡಿಮೆ, ಎದುರಿನ ಆಕಾಶವನ್ನು ಪ್ರತಿಫಲಿಸುವುದು ಹೆಚ್ಚು. ಹೀಗಾಗಿ ಮುಟ್ಟಿದರೆ ಕೈ ಸುಡುವ ಶೀಟು ಪರದೆಯ ಮೇಲೆ ತಣ್ಣಗೆ ಕಾಣುತ್ತದೆ. ಒಳಗೂ ಹೊರಗೂ ಹತ್ತು ಡಿಗ್ರಿಯಷ್ಟು ಅಂತರವಿದ್ದರೆ ಚಿತ್ರ ಸ್ಪಷ್ಟ ಎಂಬುದು ಚಳಿ ದೇಶದವರ ಸೂತ್ರ. ಕಿಟಕಿ ತೆರೆದೇ ಬದುಕುವ ಬೆಂಗಳೂರಿನಲ್ಲಿ ಆ ಅಂತರವೇ ಇರುವುದಿಲ್ಲ. ಸಂದು ಹುಡುಕುವ ಬಾಗಿಲ ಫ್ಯಾನಿಗೂ ಇಲ್ಲಿ ಹೆಚ್ಚು ಕೆಲಸವಿಲ್ಲ. ನಮಗೆ ಬೇಕಾದದ್ದು ಸೋರಿಹೋಗುವ ಕಾವಿನ ಲೆಕ್ಕವಲ್ಲ, ಬಿಸಿಲಿನಿಂದ ಇಳಿದು ಬರುವ ಕಾವಿನ ಲೆಕ್ಕ. ಕಮರ್ಷಿಯಲ್ ಸ್ಟ್ರೀಟಿನ ಸಾಲು ಕಟ್ಟಡಗಳಿಗೆ ಅಕ್ಕಪಕ್ಕದ ಗೋಡೆಯೇ ಬೆನ್ನಿಗೆ ಬೆನ್ನು ಕೊಟ್ಟು ನೆರಳಾಗಿದೆ. ಬಿಸಿಲು ಬೀಳಲು ಉಳಿದದ್ದು ತಾರಸಿ.

ಲಾಭವನ್ನು ಅಳೆಯುವ ಮಾನದಂಡವೂ ಇಲ್ಲಿ ಬೇರೆ ಆಗಬೇಕು. ಚಳಿ ದೇಶಗಳಲ್ಲಿ ಆಡಿಟ್ ಮಾಡಿದವರು ಉಳಿದ ದುಡ್ಡು ತೋರಿಸುತ್ತಾರೆ. ಎರಡು ಫ್ಯಾನು, ನಾಲ್ಕು ಎಲ್‌ಇಡಿ, ಒಂದು ಫ್ರಿಜ್ಜಿರುವ ಮೇಲಿನ ಮನೆಯಲ್ಲಿ ಉಳಿಸಲು ಯೂನಿಟ್ಟುಗಳೇ ಕಡಿಮೆ. 2023ರಿಂದ ಗೃಹಜ್ಯೋತಿ ಯೋಜನೆಯಲ್ಲಿ ಬಿಲ್ಲೂ ಸೊನ್ನೆ. ಅಲ್ಲಿ ಸಿಗಬೇಕಾದದ್ದು ನಿದ್ದೆ, ಮತ್ತು ಕೊಳ್ಳದೆ ಉಳಿಯುವ ಒಂದು ಎಸಿ. ನಿದ್ದೆಯನ್ನು ಲೆಕ್ಕಕ್ಕೆ ತರುವ ದಾರಿ ನಮ್ಮಲ್ಲೇ ತೆರೆದಿದೆ. ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯ 2014ರಲ್ಲಿ ಪ್ರಕಟಿಸಿದ ಐಮ್ಯಾಕ್ ಮಾದರಿ ಐದು ನಗರಗಳ ಕಚೇರಿಗಳಲ್ಲಿ ಜನರನ್ನೇ ಕೇಳಿ ತಯಾರಾದದ್ದು. ಅವುಗಳಲ್ಲಿ ಬೆಂಗಳೂರೂ ಒಂದು. ಋತುವಿಗೆ ತಕ್ಕಂತೆ ನಮ್ಮ ಮೈ ಎಷ್ಟು ಸೆಕೆಗೆ ಒಗ್ಗುತ್ತದೆ ಎಂಬುದನ್ನು ಅದು ಹೇಳುತ್ತದೆ. ಆಮೇಲೆ ಮನೆಗಳಿಗೂ ಅಂಥದೇ ಮಾದರಿ ಬಂತು.

2016ರ ಏಪ್ರಿಲಿನಲ್ಲಿ ನಗರ 39.2 ಡಿಗ್ರಿ ಕಂಡಿತು, 2024ರ ಏಪ್ರಿಲಿನಲ್ಲಿ 38.5. ಅಂಥ ದಿನ ಕ್ಯಾಮೆರಾ ಹಿಡಿದು ಹೋಗುವವರು ಮಧ್ಯಾಹ್ನ ಹೋಗಬಾರದು. ಕಾಂಕ್ರೀಟು ನುಂಗಿದ ಕಾವು ಕೆಳಗಿಳಿಯಲು ಕೆಲವು ಗಂಟೆ ಬೇಕು. ಅಂಗಡಿಗಳ ದೀಪ ಹೊತ್ತಿ, ಬೀದಿ ತುಂಬಿ, ಆಕಾಶ ಕಪ್ಪಾದ ಮೇಲೆ ಮೇಲಿನ ಮನೆಗೆ ಹೋಗಿ ಸೂರಿನತ್ತ ಹಿಡಿದರೆ ಸಾಕು. ಪರದೆಯ ಮೇಲೆ ಗೋಡೆಗಳು ನೀಲಿ, ಫ್ಯಾನಿನ ಮೇಲಿನ ಸೂರು ಮೂಲೆಯಿಂದ ಮೂಲೆಗೆ ಕೆಂಪು.