ಮೋಕಾದಿಂದ ಜಾವಾಕ್ಕೆ: ನಡುವಿನ ಸ್ಟಾಪ್ ಯಾವುದು?

ಯಾವ ಪ್ರೋಗ್ರಾಮಿಂಗ್ ಭಾಷೆಗೆ ಯಾವ ಡ್ರಿಂಕ್ ಅಂತ ಕ್ಯಾಂಟೀನಲ್ಲಿ ಜೋಡಿ ಹಾಕೋ ಆಟ ನೀವೂ ಆಡಿರ್ತೀರಿ. ನನ್ನ ಪ್ರಕಾರ ಸಿ ಅಂದ್ರೆ ಬರೀ ಡಿಕಾಕ್ಷನ್. ಹಾಲಿಲ್ಲ, ಸಕ್ಕರೆ ಇಲ್ಲ, ನಾಲಿಗೆ ಸುಟ್ಕೊಂಡ್ರೆ ತಪ್ಪು ನಿಮ್ಮದೇ. ಪೈಥಾನ್ ಮಜ್ಜಿಗೆ: ಎಲ್ಲರಿಗೂ ಒಗ್ಗುತ್ತೆ, ಕುಡಿದ್ಮೇಲೆ ಸ್ವಲ್ಪ ಸ್ಲೋ. ಪಿಎಚ್‌ಪಿ ಬಸ್‌ಸ್ಟ್ಯಾಂಡ್ ಟೀ. ಎಲ್ಲರೂ ಬೈತಾರೆ, ಎಲ್ಲರೂ ಕುಡೀತಾರೆ. ರಸ್ಟ್ ಕಲಿತವರದ್ದು ರಾಗಿ ಅಂಬಲಿ. ಆರೋಗ್ಯಕ್ಕೆ ಒಳ್ಳೇದು ಅಂತ ಊರಿಗೆಲ್ಲ ಹೇಳದೆ ಅವರಿಗೆ ನಿದ್ದೆ ಬರಲ್ಲ.

ಜಾವಾಕ್ಕೆ ಮಾತ್ರ ನಾವು ಜೋಡಿ ಹುಡುಕೋ ಹಾಗಿಲ್ಲ, ಹೆಸರಲ್ಲೇ ಕಾಫಿ ಇದೆ. ಮೊದಲು ಅದರ ಹೆಸರು ಓಕ್. ಜೇಮ್ಸ್ ಗಾಸ್ಲಿಂಗ್ ಆಫೀಸಿನ ಹೊರಗಿದ್ದ ಮರದ ಹೆಸರು. ಅದು ಇನ್ನೊಂದು ಕಂಪನಿಯ ಟ್ರೇಡ್‌ಮಾರ್ಕ್ ಅಂತ ಗೊತ್ತಾಗಿ, ಸನ್ ಮೈಕ್ರೋಸಿಸ್ಟಮ್ಸ್‌ನವರು 1995ರ ಮೇ ತಿಂಗಳಲ್ಲಿ ಭಾಷೆಯನ್ನ ಜಾವಾ ಅಂತ ಹೊರಗೆ ಬಿಟ್ರು. ಅಮೆರಿಕದ ಆಡುಮಾತಲ್ಲಿ ಜಾವಾ ಅಂದ್ರೆ ಕಾಫಿ.

ಅದೇ ಮೇನಲ್ಲಿ ನೆಟ್‌ಸ್ಕೇಪ್‌ನ ಬ್ರೆಂಡನ್ ಐಕ್ ಹತ್ತು ದಿನದಲ್ಲಿ ಇನ್ನೊಂದು ಭಾಷೆಯ ಮೊದಲ ರೂಪ ಬರೆದ್ರು. ಹೆಸರು ಮೋಕಾ. ಆಮೇಲೆ ಲೈವ್‌ಸ್ಕ್ರಿಪ್ಟ್ ಆಯ್ತು, ಡಿಸೆಂಬರಲ್ಲಿ ಜಾವಾದ ಜನಪ್ರಿಯತೆ ನೋಡಿ ಜಾವಾಸ್ಕ್ರಿಪ್ಟ್ ಆಯ್ತು. (ಜಾವಾ ಮತ್ತು ಜಾವಾಸ್ಕ್ರಿಪ್ಟ್ ಒಂದೇನಾ ಅಂತ ವೈವಾದಲ್ಲಿ ಕೇಳಿದ್ರೆ: ಅಲ್ಲ. ಹಾಲಿಗೂ ಹಾಲ್‌ಟಿಕೆಟ್ಟಿಗೂ ಇರೋಷ್ಟೇ ಸಂಬಂಧ.)

ಈಗ ಕ್ರಮ ನೋಡಿ. ಮೊದಲು ಮೋಕಾ, ಆಮೇಲೆ ಜಾವಾ. ಮುನ್ನೂರು ವರ್ಷದ ಹಿಂದೆ ಕಾಫಿ ಗಿಡ ಪ್ರಯಾಣ ಮಾಡಿದ್ದೂ ಇದೇ ದಿಕ್ಕಲ್ಲಿ! ಮೋಕಾ ಅನ್ನೋದು ಯೆಮನ್‌ನ ಕೆಂಪು ಸಮುದ್ರದ ಬಂದರು. ಕಾಫಿ ವ್ಯಾಪಾರದ ದೊಡ್ಡ ಬಾಗಿಲು ಆಗ ಅದೇ. ಜಾವಾ ಇವತ್ತಿನ ಇಂಡೋನೇಷ್ಯಾದ ದ್ವೀಪ. 1696ರಲ್ಲಿ ಡಚ್ಚರು ಅಲ್ಲಿನ ಬಟಾವಿಯಾಕ್ಕೆ, ಅಂದ್ರೆ ಈಗಿನ ಜಕಾರ್ತಾಕ್ಕೆ, ಕಾಫಿ ಸಸಿ ಒಯ್ದರು. ಅವು ನೆರೆಯಲ್ಲಿ ಹಾಳಾದ್ವು. 1699ರಲ್ಲಿ ಮತ್ತೆ ತಂದರು, ಈ ಸಲ ಬೇರು ಹಿಡೀತು. ಎಲ್ಲಿಂದ ತಂದ್ರು ಗೊತ್ತಾ? ಯೆಮನ್‌ನಿಂದ ಅಲ್ಲ, ಮಲಬಾರ್ ಕರಾವಳಿಯಿಂದ. ನಮ್ಮ ಮಂಗಳೂರಿಂದ ರೈಲು ಹತ್ತಿ ದಕ್ಷಿಣಕ್ಕೆ ಹೊರಟ್ರೆ ಸಿಗುತ್ತಲ್ಲ, ಅದೇ.

ಅರೇಬಿಯಾದ ಗಿಡ ಈ ಕಡೆಗೆ ಬಂದಿದ್ದು ಹೇಗೆ ಅಂದ್ರೆ ಚಿಕ್ಕಮಗಳೂರಿನ ಫ್ರೆಂಡ್ಸ್ ಉತ್ತರ ರೆಡಿ ಇಟ್ಕೊಂಡಿರ್ತಾರೆ: ಬಾಬಾ ಬುಡನ್ ಹಜ್ ಯಾತ್ರೆಯಿಂದ ಬರುವಾಗ ಏಳು ಬೀಜ ತಂದು ಗಿರಿಯಲ್ಲಿ ನೆಟ್ಟರು ಅಂತ. ಅದು ಐತಿಹ್ಯ, 1696 ಇತಿಹಾಸ. ಎರಡನ್ನೂ ಕಲಸಿ 'ಜಾವಾ ನಮ್ದೇ' ಅಂತ ಸ್ಟೇಟಸ್ ಹಾಕ್ಬೇಡಿ, ಪ್ಲೀಸ್. ಆದ್ರೆ ನಡುವಿನ ಸ್ಟಾಪ್ ಈ ಕರಾವಳಿ ಅನ್ನೋದನ್ನ ಧೈರ್ಯವಾಗಿ ಹೇಳಿ.

ಮುಂದಿನದ್ದು ನಗೋ ವಿಷಯ ಅಲ್ಲ. 1711ರ ಹೊತ್ತಿಗೆ ಜಾವಾದ ಕಾಫಿ ಯುರೋಪಿಗೆ ಹೊರಟಿತ್ತು. ಬೆಳೆದವರಿಗೆ ಸಿಕ್ಕಿದ್ದು ಡಚ್ಚರು ಹೇಳಿದ ರೇಟು. 1830ರಿಂದ ಅದು ಸರ್ಕಾರದ ವ್ಯವಸ್ಥೆಯೇ ಆಯ್ತು: ಹಳ್ಳಿಯ ಜಮೀನಿನಲ್ಲಿ ಐದನೇ ಒಂದು ಪಾಲು ರಫ್ತು ಬೆಳೆಗೆ, ಇಲ್ಲದಿದ್ರೆ ವರ್ಷಕ್ಕೆ ಅಷ್ಟು ದಿನ ಸರ್ಕಾರಿ ತೋಟದಲ್ಲಿ ದುಡಿಮೆ. ಕಾಗದದ ಮೇಲಿನ ಆ ಮಿತಿಯನ್ನೂ ಎಷ್ಟೋ ಕಡೆ ಮೀರಿದ್ರು. ಅಲ್ಲೇ ಅಧಿಕಾರಿಯಾಗಿದ್ದ ಡೌವೆಸ್ ಡೆಕ್ಕರ್ ರಾಜೀನಾಮೆ ಕೊಟ್ಟು, ಮುಲ್ಟಾಟುಲಿ ಅನ್ನೋ ಹೆಸರಲ್ಲಿ 1860ರಲ್ಲಿ 'ಮ್ಯಾಕ್ಸ್ ಹಾವೆಲಾರ್' ಕಾದಂಬರಿ ಬರೆದ್ರು. ಶುರುವಾಗೋದೇ ಆಮ್‌ಸ್ಟರ್‌ಡ್ಯಾಮಿನ ಒಬ್ಬ ಕಾಫಿ ದಲ್ಲಾಳಿಯಿಂದ. ಜಾವಾ ಅಂದ್ರೆ ಕಾಫಿ ಅನ್ನೋ ಅರ್ಥ ಜಗತ್ತಿನ ಬಾಯಿಗೆ ಬಂದಿದ್ದು ಇಂಥ ತೋಟಗಳಿಂದ.

ನಾಳೆ ಲ್ಯಾಬಲ್ಲಿ ಯಾವುದಾದ್ರೂ ಜಾವಾ ಕ್ಲಾಸ್ ಫೈಲನ್ನ ಹೆಕ್ಸ್ ಎಡಿಟರಲ್ಲಿ ತೆರೆದು ನೋಡಿ. ಮೊದಲ ನಾಲ್ಕು ಬೈಟ್ ಸೇರಿಸಿ ಓದಿದ್ರೆ 'ಕೆಫೆಬೇಬ್' ಅಂತಿರುತ್ತೆ. ಬೈಟ್ ಬದಲು ಬೈಟೂ ಆಗಿದ್ರೆ ಎರಡು ಫುಲ್ ಕಾಫಿ ಆಗ್ತಿತ್ತು.