ಪಾಪಪ್ರವೃತ್ತಿಯ ನಿಗ್ರಹ: ಮಂಡ್ಯ ಸೀಮೆಯ ಕಥೋಲಿಕ ಪರಂಪರೆ

ಹುಟ್ಟಿನೊಂದಿಗೇ ಬಂದು, ಜ್ಞಾನಸ್ನಾನದ ನಂತರವೂ ಮನುಷ್ಯನಲ್ಲಿ ಉಳಿಯುವ ಪಾಪದ ಸೆಳೆತವನ್ನು ವರಪ್ರಸಾದ (ದೇವರ ಅನುಗ್ರಹ), ಪಾಪಸಂಕೀರ್ತನೆ (ಪಾದ್ರಿಯ ಮುಂದೆ ಪಾಪ ಹೇಳಿಕೊಳ್ಳುವುದು), ಉಪವಾಸ ಮತ್ತು ಜಪಗಳ ಬಲದಿಂದ ಹತೋಟಿಯಲ್ಲಿಡುವ ಕಥೋಲಿಕ ಸಾಧನೆ. ಇದರ ತಾತ್ವಿಕ ತಳಹದಿ ಸಂತ ಅಗಸ್ಟೀನನದು (354–430). ಸ್ವಂತ ಬಲದಿಂದಲೇ ಪಾಪವನ್ನು ಗೆಲ್ಲಬಹುದೆಂದ ಪೆಲಾಜಿಯಸನನ್ನು ಆತ ಒಪ್ಪಲಿಲ್ಲ. ಸೆಳೆತವೇ ಪಾಪವೆಂದು ಪ್ರೊಟೆಸ್ಟಂಟ್ ಸುಧಾರಕ ಲೂಥರ್ ವಾದಿಸಿದಾಗ, ಕಥೋಲಿಕ ಧರ್ಮಾಧ್ಯಕ್ಷರ ಟ್ರೆಂಟ್ ಮಹಾಸಭೆ 1546ರ ಜೂನ್ 17ರಂದು ಉತ್ತರ ಕೊಟ್ಟಿತು: ಸೆಳೆತ ಪಾಪದಿಂದ ಬಂದದ್ದು, ಪಾಪದತ್ತ ಎಳೆಯುವಂಥದ್ದು, ಆದರೆ ಮನಸ್ಸು ಅದಕ್ಕೆ ಒಪ್ಪುವವರೆಗೂ ತಾನಾಗಿ ಪಾಪವಲ್ಲ. ಬೇರು ಕಿತ್ತು ಎಸೆಯಲಾಗದ್ದನ್ನು ದಿನವೂ ಹದ್ದುಬಸ್ತಿನಲ್ಲಿಡಬೇಕು ಎಂಬ ಈ ನಿಲುವೇ ಮುಂದಿನ ಎಲ್ಲ ಆಚರಣೆಗಳ ಮೂಲ.

ಅರಿಷಡ್ವರ್ಗ ಬಲ್ಲ ಕನ್ನಡಿಗರಿಗೆ ಕಥೋಲಿಕರ ಏಳು ಮೂಲಪಾಪಗಳು ಅಪರಿಚಿತವೇನಲ್ಲ. ಕಾಮ, ಕ್ರೋಧ, ಲೋಭ, ಮದ, ಮತ್ಸರ ಎರಡರಲ್ಲೂ ಇವೆ. ಮೋಹ ಮಾತ್ರ ಇಲ್ಲ. ಅದರ ಬದಲು ಹೊಟ್ಟೆಬಾಕತನ ಮತ್ತು ಸೋಮಾರಿತನ ಸೇರಿವೆ. ಉಪವಾಸಕ್ಕೆ ಇಷ್ಟು ಒತ್ತು ಸಿಕ್ಕಿರುವುದಕ್ಕೆ ಇದೂ ಒಂದು ಕಾರಣವಿರಬಹುದು.

ಈ ಸೀಮೆಗೆ ಈ ಬೋಧನೆ ಬಂದದ್ದು ಶ್ರೀರಂಗಪಟ್ಟಣದ ಮೂಲಕ. ಇಟಲಿಯ ಜೆಸ್ವಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಾಮಿ 1640ರ ದಶಕದ ಕೊನೆಯಲ್ಲಿ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಅಲ್ಲಿ ಮೈಸೂರು ಮಿಷನ್ ಆರಂಭಿಸಿದ. ಕನ್ನಡ ಕಲಿತು ಧರ್ಮೋಪದೇಶದ ಪುಸ್ತಕ, ವ್ಯಾಕರಣ, ಪದಕೋಶಗಳನ್ನು ರಚಿಸಿದ. ಪೂಜೆಯನ್ನು ಲ್ಯಾಟಿನ್‌ನಲ್ಲೇ ಮುಗಿಸಬಹುದಿತ್ತು. ಪಾಪಸಂಕೀರ್ತನೆ ಹಾಗಲ್ಲ. ಮಾರಕ ಪಾಪಗಳನ್ನು ಒಂದೊಂದಾಗಿ, ಅವುಗಳ ಬಗೆ ಬದಲಿಸುವ ಸಂದರ್ಭಗಳ ಸಮೇತ ಹೇಳಿಕೊಳ್ಳಬೇಕೆಂದು ಟ್ರೆಂಟ್ ಸಭೆ 1551ರಲ್ಲಿ ವಿಧಿಸಿತ್ತು. ಗದ್ದೆಯ ಬದು ಒತ್ತಿದ್ದು, ಸಾಲ ನುಂಗಿದ್ದು, ಓರಗಿತ್ತಿಯ ಮೇಲೆ ಹೊಟ್ಟೆಕಿಚ್ಚು ಪಟ್ಟದ್ದು—ಇದನ್ನೆಲ್ಲ ಊರ ಮಾತಿನಲ್ಲಿ ಕೇಳಿ ತೂಗಿ ನೋಡಲು ಪಾದ್ರಿಗೆ ಕನ್ನಡ ಬರಲೇಬೇಕಿತ್ತು. ಮಿಷನರಿಗಳ ಕನ್ನಡ ಸೇವೆಯ ಮಾತು ಬಂದಾಗ ನಾವು ಮುದ್ರಣ, ನಿಘಂಟುಗಳನ್ನು ನೆನೆಯುತ್ತೇವೆ. ಈ ಪಾಪ ಕೇಳುವ ಕಿವಿಯನ್ನು ಮರೆಯುತ್ತೇವೆ. ಪ್ಯಾರಿಸ್ ವಿದೇಶಿ ಮಿಷನ್ನಿನವರು 1855ರಲ್ಲಿ ಬೆಂಗಳೂರಿನಲ್ಲಿ ಅಚ್ಚು ಹಾಕಿಸಿದ ಕನ್ನಡ–ಲ್ಯಾಟಿನ್ ನಿಘಂಟಿನ ಹಿಂದೆಯೂ ಈ ಅಗತ್ಯ ಇದ್ದೇ ಇತ್ತು.

ಈ ಸಾಧನೆಗೆ ಕಠಿಣ ಪರೀಕ್ಷೆ ಎದುರಾದದ್ದು 1799ರ ನಂತರ. ಟಿಪ್ಪು 1784ರಲ್ಲಿ ಕೆನರಾದಿಂದ ಹಿಡಿದು ತರಿಸಿದ ಕಥೋಲಿಕರಲ್ಲಿ ಅನೇಕರು ಬಲವಂತದ ಮತಾಂತರಕ್ಕೆ ಒಳಗಾಗಿದ್ದರು. ಶ್ರೀರಂಗಪಟ್ಟಣ ಬಿದ್ದ ಮೇಲೆ, ಚದುರಿದ ಸಮುದಾಯವನ್ನು ಮತ್ತೆ ಕಟ್ಟುವ ಹೊಣೆ ಫ್ರೆಂಚ್ ಪಾದ್ರಿ ಅಬ್ಬೆ ದುಬುವಾನ ಹೆಗಲೇರಿತು. ಭಯಕ್ಕೆ ಮಣಿದು ವಿಶ್ವಾಸ ಬಿಟ್ಟವನ ತಪ್ಪು ಎಷ್ಟು? ಭಯ ತಪ್ಪಿನ ತೂಕ ಇಳಿಸುತ್ತದೆ, ಆದರೂ ಪ್ರಾಯಶ್ಚಿತ್ತದ ಮೂಲಕವೇ ಒಳಗೆ ಬರಬೇಕು ಎಂಬುದು ಕಥೋಲಿಕ ನಿಯಮ. ಜನ ‘ದೊಡ್ಡ ಸ್ವಾಮಿಯವರು’ ಎಂದು ಕರೆದ ದುಬುವಾ ಇಂದು ಹೆಸರಾಗಿರುವುದು ಲಂಡನ್ನಿನಲ್ಲಿ ಪ್ರಕಟವಾದ, ಹಿಂದೂ ಆಚಾರಗಳ ಕುರಿತ ಗ್ರಂಥದಿಂದ. ಆತ ಧರಿಸಿದ್ದು ಈ ನೆಲದ ಉಡುಗೆ, ಉಂಡದ್ದು ಈ ನೆಲದ ಊಟ. ಆದರೂ 1823ರಲ್ಲಿ ಫ್ರಾನ್ಸಿಗೆ ಹಿಂದಿರುಗಿದ ಆತ ತನ್ನ ಧರ್ಮಪ್ರಚಾರದ ಫಲದ ಬಗ್ಗೆ ಕಡು ನಿರಾಶೆಯಿಂದಲೇ ಬರೆದ. ಆ ನಿರಾಶೆಯನ್ನು ಪೂರ್ತಿ ನಂಬಬೇಕಿಲ್ಲ; ಅವನು ಬಿಟ್ಟುಹೋದ, ಶ್ರೀರಂಗಪಟ್ಟಣದ ಗಂಜಾಂನಲ್ಲಿ ಕಥೋಲಿಕ ಸಮುದಾಯ ಉಳಿಯಿತು.

ಪಾದ್ರಿಗಳು ವಿರಳವಾಗಿದ್ದ ಕಾಲದಲ್ಲಿ ಹಳ್ಳಿಯ ಕ್ರೈಸ್ತನಿಗೆ ಪಾಪಸಂಕೀರ್ತನೆ ವರ್ಷಕ್ಕೊಮ್ಮೆ ಸಿಕ್ಕರೆ ಅದೇ ಹೆಚ್ಚು. 1215ರ ಲ್ಯಾಟೆರನ್ ಸಭೆ ವಿಧಿಸಿದ ಕನಿಷ್ಠ ಮಿತಿಯೂ ಅದೇ. ಉಳಿದ ದಿನಗಳನ್ನು ಉಪದೇಶಿ ಕಲಿಸಿದ ಜಪ, ಜಪಸರ, ಶುಕ್ರವಾರ ಮಾಂಸ ಬಿಡುವ ಪದ್ಧತಿಗಳು ಕಾಯುತ್ತಿದ್ದವು. ಪೋಪ್ ಹತ್ತನೆಯ ಪಯಸ್ 1905ರಲ್ಲಿ ಪದೇ ಪದೇ ಪರಮಪ್ರಸಾದ ಸ್ವೀಕರಿಸಲು ಉತ್ತೇಜನ ಕೊಟ್ಟ ಮೇಲೆ ಲೆಕ್ಕ ಬದಲಾಯಿತು. ತಿಂಗಳ ಮೊದಲ ಶುಕ್ರವಾರದ ಆಚರಣೆಯೂ ಬಲವಾಗಿ, ತಿಂಗಳಿಗೊಮ್ಮೆ ಪಾಪ ಹೇಳಿಕೊಳ್ಳುವುದು ಭಕ್ತರ ರೂಢಿಯಾಯಿತು.

ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ್ದು ಬೇರೆಯೇ ಶಿಸ್ತು. ಹಿಂದಿನ ವರ್ಷ ಗರಿಗಳ ಭಾನುವಾರ ಮನೆಗೆ ತಂದು ದೇವರ ಪಟದ ಹಿಂದೆ ಸಿಕ್ಕಿಸಿದ್ದ ಗರಿ ಒಣಗಿ ಕಂದಾಗಿರುತ್ತದೆ. ಅದನ್ನು ಚರ್ಚಿಗೆ ತಂದು ಸುಟ್ಟು ಜರಡಿ ಹಿಡಿದು, ಬೂದಿ ಬುಧವಾರ ಹಣೆಗೆ ಹಚ್ಚುತ್ತಾರೆ. ಅಲ್ಲಿಂದ ಶುಕ್ರವಾರಗಳಂದು ಶಿಲುಬೆಯ ಹಾದಿಯ ಹದಿನಾಲ್ಕು ಸ್ಥಳಗಳ ಮುಂದೆ ಮಂಡಿಯೂರುವುದು, ಕುಡಿತ ಬಿಡುವುದು, ಉಳಿಸಿದ ಹಣವನ್ನು ದಾನಕ್ಕೆ ಎತ್ತಿಡುವುದು. ಕಡ್ಡಾಯ ಉಪವಾಸವನ್ನು ಪೋಪ್ ಆರನೆಯ ಪೌಲ್ 1966ರಲ್ಲಿ ಬೂದಿ ಬುಧವಾರ ಮತ್ತು ಶುಭ ಶುಕ್ರವಾರಗಳಿಗೆ ಇಳಿಸಿದರು. ಉಳಿದ ಉಪವಾಸಗಳನ್ನು ಭಕ್ತರ ಆಯ್ಕೆಗೆ ಬಿಟ್ಟದ್ದರಿಂದ ಹಳೆಯ ತಲೆಮಾರಿನವರು ಗೊಣಗಿದ್ದರೆ ಆಶ್ಚರ್ಯವಿಲ್ಲ.

1940ರಲ್ಲಿ ಬೆಂಗಳೂರು ಮತ್ತು ಮೈಸೂರು ಬೇರೆ ಬೇರೆ ಧರ್ಮಕ್ಷೇತ್ರಗಳಾದಾಗ, ಹಿಂದಿನ ವರ್ಷವಷ್ಟೇ ಜಿಲ್ಲೆಯಾಗಿದ್ದ ಮಂಡ್ಯ ಮೈಸೂರಿನ ಪಾಲಿಗೆ ಬಂತು. ಎರಡನೆಯ ವ್ಯಾಟಿಕನ್ ಸಭೆಯ (1962–65) ನಂತರ ಪೂಜೆಯೂ ಕನ್ನಡಕ್ಕೆ ತಿರುಗಿತು. 1973ರ ಹೊಸ ವಿಧಿ ಪಾಪಸಂಕೀರ್ತನೆಯಲ್ಲಿ ದಂಡನೆಗಿಂತ ರಾಜಿಗೆ, ದೇವರೊಂದಿಗೂ ನೆರೆಯವರೊಂದಿಗೂ ಆಗುವ ಸಂಧಾನಕ್ಕೆ, ಒತ್ತು ಕೊಟ್ಟಿತು.

2010ರ ಜನವರಿಯಲ್ಲಿ ಕೇರಳದ ಮಾನಂತವಾಡಿ ಧರ್ಮಕ್ಷೇತ್ರದಿಂದ ಬೇರ್ಪಡಿಸಿ ಸೀರೋ-ಮಲಬಾರ್ ಕಥೋಲಿಕರಿಗಾಗಿ ಮಂಡ್ಯ ಧರ್ಮಕ್ಷೇತ್ರ ಸ್ಥಾಪನೆಯಾಯಿತು. ಕೇರಳ ಮೂಲದ ಈ ಪೂರ್ವ ಸಂಪ್ರದಾಯದವರ ದೊಡ್ಡ ನೋಂಬು (ತಪಸ್ಸುಕಾಲದ ಉಪವಾಸ) ಆರಂಭವಾಗುವುದು ಬೂದಿ ಬುಧವಾರವಲ್ಲ, ಎರಡು ದಿನ ಮೊದಲಿನ ಸೋಮವಾರ. ಅದಕ್ಕೂ ಮುಂಚೆ, ನಿನೆವೆ ಪಟ್ಟಣದವರ ಪಶ್ಚಾತ್ತಾಪದ ನೆನಪಿಗೆ ಮೂರು ದಿನದ ನೋಂಬನ್ನೂ ಅವರು ಹಿಡಿಯುತ್ತಾರೆ. ಹೀಗಾಗಿ ಒಂದೇ ಪೋಪರ ಅಧೀನದ ಎರಡು ಪಂಚಾಂಗಗಳು ಈಗ ಒಂದೇ ಜಿಲ್ಲೆಯಲ್ಲಿ ನಡೆಯುತ್ತಿವೆ.