ದೀಪ ಆರುವ ಮುಂಚೆ...

ಕ್ಷಣಗಣನೆ ಅಂದ ಕೂಡಲೇ ಎಲ್ಲರಿಗೂ ನೆನಪಾಗೋದು ಶ್ರೀಹರಿಕೋಟಾ, ಇಲ್ಲಾ ಚುನಾವಣೆ ಫಲಿತಾಂಶದ ಹಿಂದಿನ ದಿನದ ಪೇಪರ್ ಹೆಡ್‌ಲೈನು. ನನಗೆ ಮಾತ್ರ ಒಂದು ದೀಪ ನೆನಪಾಗುತ್ತೆ. ಅಡ್ವೆಂಚರ್ ಗೇಮ್‌ಗಳಲ್ಲಿ ಹೊತ್ತನ್ನು ಎಣಿಸುವ ಕಥೆ ಶುರುವಾಗೋದು ಅಲ್ಲಿಂದಲೇ.

ವಿಲ್ ಕ್ರೌಥರ್ ಎಂಬ ಗುಹೆ ಹುಚ್ಚಿನ ಪ್ರೋಗ್ರಾಮರ್ 1970ರ ದಶಕದ ಮಧ್ಯದಲ್ಲಿ ಫೋರ್ಟ್ರಾನ್‌ನಲ್ಲಿ ಬರೆದ 'ಅಡ್ವೆಂಚರ್' ಆಟವನ್ನು 1977ರಲ್ಲಿ ಸ್ಟ್ಯಾನ್‌ಫರ್ಡ್‌ನ ಡಾನ್ ವುಡ್ಸ್ ಹಿಗ್ಗಿಸಿದ. ಚಿತ್ರ ಇಲ್ಲ, ಬರೀ ಅಕ್ಷರ. ಒಂದೆರಡು ಪದ ಟೈಪ್ ಮಾಡುತ್ತಾ ಗುಹೆಯೊಳಗೆ ಹೋಗಬೇಕು. ವುಡ್ಸ್‌ನ ಆಟದಲ್ಲಿ ಕೈಯಲ್ಲಿರುವ ದೀಪಕ್ಕೆ 330 ನಡೆಗಳ ಆಯುಷ್ಯ. ದೀಪ ಉರಿಯುತ್ತಿದ್ದರೆ ಮಾತ್ರ ನಡೆಗೊಂದರಂತೆ ಎಣಿಕೆ ಇಳಿಯುತ್ತೆ, ಆರಿಸಿದರೆ ನಿಲ್ಲುತ್ತೆ. ಹಾಗಂತ ಕತ್ತಲಲ್ಲಿ ಓಡಾಡಿದರೆ ಗುಂಡಿಗೆ ಬಿದ್ದು ಸಾಯಬಹುದು. ಹೊಸ ಬ್ಯಾಟರಿ ಬೇಕಾದರೆ ಚಕ್ರವ್ಯೂಹದ ಮೂಲೆಯಲ್ಲಿರೋ ಯಂತ್ರಕ್ಕೆ ನಾಣ್ಯ ಹಾಕಬೇಕು. ಆ ನಾಣ್ಯವೋ, ನೀವು ಹೊತ್ತು ತರಬೇಕಾದ ನಿಧಿಗಳಲ್ಲೇ ಒಂದು!

ಆ ಕೋಡ್ ಓದಿದಾಗ ನನಗೆ ತುಂಬಾ ಇಷ್ಟವಾದದ್ದು ಬೇರೆಯೇ ಒಂದು ಸಾಲು. ಶುರುವಿನಲ್ಲಿ ಆಟ "ಸೂಚನೆ ಬೇಕಾ?" ಅಂತ ಕೇಳುತ್ತೆ. ಬೇಕು ಅಂದರೆ ಒಂದಿಷ್ಟು ಅಂಕ ಕಳೆದು, ಸದ್ದಿಲ್ಲದೆ ದೀಪದ ಆಯುಷ್ಯವನ್ನು 1000 ನಡೆ ಮಾಡಿಬಿಡುತ್ತೆ. ಹೊಸಬ ಪಾಪ, ನಿಧಾನವಾಗಿ ಕಲಿಯಲಿ ಅಂತ.

ಕೊನೆಗೆ ಗುಹೆ ಮುಚ್ಚೋದಕ್ಕೂ ಎರಡು ಎಣಿಕೆಗಳಿವೆ. ನಿಧಿಗಳೆಲ್ಲ ಕಣ್ಣಿಗೆ ಬಿದ್ದ ಮೇಲೆ, ಗುಹೆಯ ಒಳಭಾಗದಲ್ಲಿ 30 ನಡೆ ಕಳೆದರೆ ಮೊದಲ ಎಚ್ಚರಿಕೆ. ಆಮೇಲೆ ಇನ್ನು 50. ಗಾಬರಿಯಾಗಿ ಹೊರಗೆ ಓಡಲು ನೋಡಿದರೆ ಆ 50 ಹೋಗಿ ಬರೀ 15! ಗಾಬರಿಗೂ ಒಂದು ಲೆಕ್ಕ ಇಟ್ಟಿದ್ದ ಪುಣ್ಯಾತ್ಮ :)

ಇಲ್ಲೆಲ್ಲಾ ಹೊತ್ತು ಆಡುವವನದ್ದು. ಎಂಟರ್ ಒತ್ತದಿದ್ದರೆ ಹೊತ್ತೂ ಇಲ್ಲ. ಎದ್ದು ಹೋಗಿ ಕಾಫಿ ಕುಡಿದು, ಡಿಕ್ಷನರಿ ತಿರುವಿ ಬಂದರೂ ದೀಪ ಅಷ್ಟೇ ಉರಿದಿರುತ್ತೆ. 1982ರಲ್ಲಿ ಇನ್ಫೋಕಾಮ್‌ನ 'ಡೆಡ್‌ಲೈನ್' ಬಂತು. ಕೊಲೆಗಾರನನ್ನು ಹಿಡಿಯಲು 12 ಗಂಟೆ ಗಡುವು, ಆದರೆ ಆ ಗಂಟೆಗಳೂ ಓಡುತ್ತಿದ್ದದ್ದು ನಡೆಗಳ ಲೆಕ್ಕದಲ್ಲೇ.

ಗಡಿಯಾರ ಯಂತ್ರದ ಕೈಗೆ ಹೋದಾಗ ಕಷ್ಟ ಶುರುವಾಯಿತು. ಸಿಯೆರಾದ 'ಕಿಂಗ್ಸ್ ಕ್ವೆಸ್ಟ್ 3' (1986) ನೋಡಿ. ನೀವು ಮಾಂತ್ರಿಕನ ಮನೆಯ ಜೀತದ ಹುಡುಗ. ಅವನು ಹೊರಗೆ ಹೋದರೆ ಸುಮಾರು 25 ನಿಮಿಷ ನಿಮ್ಮದು, ಪರದೆಯ ಮೇಲ್ತುದಿಯಲ್ಲಿ ಗಡಿಯಾರ ಓಡುತ್ತಿರುತ್ತೆ. ಅಷ್ಟರಲ್ಲಿ ಬೆಟ್ಟ ಇಳಿದು ಸಾಮಾನು ಹುಡುಕಬೇಕು, ಮಂತ್ರಗಳನ್ನು ಕೈಪಿಡಿ ನೋಡಿ ಒಂದಕ್ಷರ ತಪ್ಪದಂತೆ ಟೈಪಿಸಬೇಕು. ತಪ್ಪಿದರೆ ಕಥೆ ಮುಗಿದಂತೆ. ನೀವು ಕೀಲಿ ಹುಡುಕುತ್ತಿದ್ದರೂ ಆಟ ಕಾಯೋದಿಲ್ಲ. ಇಂಗ್ಲಿಷನ್ನು ಮನಸ್ಸಿನಲ್ಲೇ ಕನ್ನಡ ಮಾಡಿಕೊಂಡು ಓದುವ ನನ್ನಂಥವನಿಗೆ ಮಾಂತ್ರಿಕನಿಗಿಂತ ಆ ಗಡಿಯಾರವೇ ದೊಡ್ಡ ಶತ್ರು. ಮುಂದಿನ ವರ್ಷ ಇನ್ಫೋಕಾಮ್ ಕೂಡ 'ಬಾರ್ಡರ್ ಝೋನ್'ನಲ್ಲಿ ಅದೇ ಹಾದಿ ಹಿಡಿಯಿತು. ಚಿತ್ರವಿಲ್ಲದ ಆಟದಲ್ಲೂ ನೀವು ಓದುತ್ತಿದ್ದಂತೆ ಸಮಯ ಜಾರತೊಡಗಿತು.

ಇದನ್ನೆಲ್ಲ ಗೇಲಿ ಮಾಡಿದ್ದು 1990ರ 'ಮಂಕಿ ಐಲೆಂಡ್'. ಗೈಬ್ರಶ್‌ನನ್ನು ವಿಗ್ರಹಕ್ಕೆ ಕಟ್ಟಿ ನೀರಿಗೆ ಎಸೆದಿದ್ದಾರೆ. ಅವನು 10 ನಿಮಿಷ ಉಸಿರು ಕಟ್ಟಬಲ್ಲ. ಸುತ್ತ ಕತ್ತಿ, ಚಾಕು ಬಿದ್ದಿವೆ, ಒಂದೂ ಕೈಗೆ ಎಟುಕದು. ಉಪಾಯ ಏನಂದರೆ ವಿಗ್ರಹವನ್ನೇ ಎತ್ತಿಕೊಂಡು ಹೊರಡೋದು! ಸುಮ್ಮನೆ 10 ನಿಮಿಷ ಕೂತರೆ ನಿಜಕ್ಕೂ ಸಾಯುತ್ತಾನೆ.

ಈಗ ಮನೆಯಲ್ಲೇ ಆಟ ಕಟ್ಟಬಹುದು. ಕ್ರಿಸ್ ಜೋನ್ಸ್ 1997ರಲ್ಲಿ ಶುರು ಮಾಡಿದ 'ಅಡ್ವೆಂಚರ್ ಗೇಮ್ ಸ್ಟುಡಿಯೋ'ದಲ್ಲಿ ಟೈಮರ್ ಇಡೋದು ಒಂದೇ ಸಾಲಿನ ಕೆಲಸ. ಎಣಿಕೆ ಸೆಕೆಂಡಿನಲ್ಲಲ್ಲ, ಆಟದ ಸುತ್ತುಗಳಲ್ಲಿ. ಸಾಮಾನ್ಯವಾಗಿ ಸೆಕೆಂಡಿಗೆ 40 ಸುತ್ತು. ನಾನೂ 1000 ಅಂತ ಕೊಟ್ಟು, 25 ಸೆಕೆಂಡಿಗೆ ಸಿಡಿಯುವ ಬಾಂಬ್ ಒಂದನ್ನು ಮಾಡಿದೆ. ಪಾತ್ರ ಅಜ್ಜಿ ಜೊತೆ ಮಾತಿಗೆ ನಿಂತಿತು. ಮಾತು ಮುಗಿದದ್ದೇ ತಡ, ಢಂ! ಮಾತಾಡುವಾಗ ಬೇರೇನೂ ಮಾಡಲು ಬಿಡದ ಆಟ, ಟೈಮರನ್ನು ಮಾತ್ರ ಇಳಿಸುತ್ತಲೇ ಇತ್ತು. ಅಂದರೆ ನಿಧಾನಕ್ಕೆ ಮಾತು ಓದುವವನಿಗೇ ಶಿಕ್ಷೆ.

ಆ ಸಾಲು ಅಳಿಸಿ ನನ್ನದೇ ಒಂದು ವೇರಿಯಬಲ್ ಇಟ್ಟೆ. ಆಟ ಆಡುವವನ ಕೈಯಲ್ಲಿದ್ದಾಗ ಮಾತ್ರ ಅದರಿಂದ ಒಂದೊಂದೇ ಕಳೆಯುತ್ತೇನೆ. ಅದಕ್ಕೆ 'ದೀಪ' ಅಂತಲೇ ಹೆಸರಿಟ್ಟಿದ್ದೇನೆ. ಅಜ್ಜಿ ಈಗ ಎಷ್ಟು ಬೇಕಾದರೂ ಮಾತಾಡಬಹುದು.